ಅರಳುಮರಳು: ಜನಪದ ವಿವರಣೆ ಮತ್ತು ವಂಶವಾಹಿ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿಯೂ, ನಾಡಿನ ಇತರೆಡೆಯಂತೆ, ಮುಪ್ಪಿನ ಮನೋವಿಕಾರಗಳಿಗೆಲ್ಲ ‘ಅರಳುಮರಳು’ ಎಂಬ ಒಂದೇ ಹೆಸರುಂಟು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯು ಮರೆವನ್ನು ವಯೋಧರ್ಮವೆಂದು ಮನ್ನಿಸುತ್ತದೆ. ಆದರೆ ಅಜ್ಜಿ ಸೊಸೆಯ ಮೇಲೆ ಕಳವಿನ ಆರೋಪ ಹೊರಿಸಿದಾಗ, ಅಜ್ಜ ನಡುರಾತ್ರಿ ಹೊಲಕ್ಕೆ ಹೊರಟಾಗ ಈ ಮನ್ನಣೆ ಉಳಿಯುವುದಿಲ್ಲ. ಆಗ ಹಿರಿಯರ ಹಟ, ಸೊಸೆಯ ಅನಾದರ, ಗಾಳಿಯ ಕಾಟ, ವಂಶದ ದೋಷ ಎಂಬ ಕಾರಣಗಳು ಮುಂದೆ ಬರುತ್ತವೆ. ಇವುಗಳಲ್ಲಿ ಕೊನೆಯದು ವಿಜ್ಞಾನದ ಮಾತಿನಂತೆ ಕೇಳಿಸುವುದರಿಂದ ಅದರ ಪರಿಶೀಲನೆ ಅಗತ್ಯ.

ಸಂಶಯ, ಭ್ರಮೆ, ಉದ್ರೇಕ, ಖಿನ್ನತೆ, ಅಲೆದಾಟಗಳು ಡಿಮೆನ್ಷಿಯಾದ ಅಂಗಗಳೇ ಆಗಿವೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ಮಹಿಳೆಯಲ್ಲಿ ಮೊದಲು ಗಮನಕ್ಕೆ ಬಂದ ಲಕ್ಷಣವೇ ಪತಿಯ ಮೇಲಿನ ಸಂಶಯ.

ಆಲ್ಝೈಮರ್ ರೋಗಿಗಳಲ್ಲಿ ಭ್ರಮೆಯ ಪ್ರವೃತ್ತಿ ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿರುವುದು ಸಂಶೋಧನೆಗಳಿಂದ ತಿಳಿದಿದೆ. 12 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವು ಇಎನ್‌ಪಿಪಿ6 ಮತ್ತು ಎಸ್‌ಯುಎಂಎಫ್1 ಎಂಬ ವಂಶವಾಹಿಗಳ ನೆಲೆಗಳನ್ನು ಈ ಭ್ರಮೆಯೊಂದಿಗೆ ಜೋಡಿಸಿತು. ಇಂಥ ಸಾಮಾನ್ಯ ವ್ಯತ್ಯಾಸಗಳು ಪ್ರವೃತ್ತಿಯನ್ನು ತುಸು ಹೆಚ್ಚಿಸುತ್ತವೆಯೇ ಹೊರತು ಹಣೆಬರಹವನ್ನು ಬರೆಯುವುದಿಲ್ಲ. ಇದಕ್ಕೆ ಅಪವಾದವೂ ಉಂಟು. 2011ರಲ್ಲಿ ಗುರುತಿಸಲಾದ ಸಿ9ಒಆರ್‌ಎಫ್72 ವಂಶವಾಹಿಯ ಮಾರ್ಪಾಟು ಒಬ್ಬ ಪೋಷಕರಿಂದ ಬಂದರೂ ರೋಗಕ್ಕೆ ಕಾರಣವಾಗಬಲ್ಲದು. ಅಂಥವರಲ್ಲಿ ಕೆಲವರಿಗೆ ಮರೆವಿಗಿಂತ ಮೊದಲೇ ಭ್ರಮೆ ತೋರುತ್ತದೆ.

ಹೀಗಾಗಿ ‘ವಂಶದೋಷ’ ಮತ್ತು ‘ವಂಶವಾಹಿ’ ಸಮಾನಾರ್ಥಕಗಳಲ್ಲ. ಮೊದಲನೆಯದು ಇಡೀ ಮನೆತನಕ್ಕೆ ಅಂಟುವ ಕಳಂಕ. ಅದರ ಹೆಸರಿನಲ್ಲಿ ಮಕ್ಕಳ ಸಂಬಂಧಗಳು ಮುರಿಯುತ್ತವೆ, ಹೊರಗಿನಿಂದ ಬಂದ ಹೆಣ್ಣಿನ ತವರೇ ದೋಷದ ಮೂಲವೆನಿಸುತ್ತದೆ. ಎರಡನೆಯದರಲ್ಲಿ ತಾಯಿ ತಂದೆಯರಿಬ್ಬರ ಪಾಲೂ ಇದೆ. ಅದರ ಪರಿಣಾಮವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ.

ಇದಲ್ಲದೆ, ಪ್ರವೃತ್ತಿಯನ್ನು ಕೆರಳಿಸುವ ಸಂಗತಿಗಳು ಹಲವು ಸಲ ಮನೆಯಲ್ಲಿಯೇ ಇರುತ್ತವೆ. ಹೇಳಿಕೊಳ್ಳಲಾಗದ ನೋವು, ಮೂತ್ರದ ಸೋಂಕು, ಮಲಬದ್ಧತೆ, ಕಿವಿ ಕಣ್ಣುಗಳ ಮಂದತೆ, ಅಪರಿಚಿತ ಜಾಗ ಇವುಗಳಲ್ಲಿ ಮುಖ್ಯವಾದವು. ವಂಶವಾಹಿಯನ್ನು ಬದಲಿಸಲಾಗದು, ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ಒಂದೆರಡು ದಿನಗಳಲ್ಲಿ ವರ್ತನೆ ಹಠಾತ್ತನೆ ಬದಲಾದರೆ ಅದು ವಂಶದ ಪ್ರಶ್ನೆಗಿಂತ ಮೊದಲು ವೈದ್ಯರ ತಪಾಸಣೆಯ ಪ್ರಶ್ನೆ. ಪರಿಚಿತ ಹಾಡುಗಳು ಉದ್ರೇಕವನ್ನು ತಗ್ಗಿಸಲು ನೆರವಾಗಬಲ್ಲವು. ಬೀಸುವ, ಸೋಬಾನೆಯ ಪದಗಳನ್ನು ಬಲ್ಲ ಹಿರಿಯರಿಗೆ ಆ ಪದಗಳೇ ಆಸರೆ.

ಗಾದೆಯು ಮರೆವಿಗೆ ತೋರಿದ ಮನ್ನಣೆಯನ್ನು ಸಂಶಯ, ಸಿಟ್ಟುಗಳಿಗೂ ವಿಸ್ತರಿಸಬೇಕಾಗಿದೆ. ಕಳವಿನ ಆರೋಪ ಹೊತ್ತ ಸೊಸೆಗೂ, ಆರೋಪಿಸಿದ ಅತ್ತೆಗೂ ಅದು ಏಕಕಾಲಕ್ಕೆ ದೊರೆಯುವ ನ್ಯಾಯ.