ಕಾಯಿಯನ್ನು ಕಿವಿಗಿಟ್ಟು 'ಹಲೋ' ಅಂತಿದ್ದ ಅಪ್ಪ

ಗೆಳೆಯರೇ, ಈ ವಾರ ಗೊಬ್ಬರ, ಔಷಧಿಯ ಲೆಕ್ಕ ಬೇಡ. ನಮ್ಮಪ್ಪನ ವಿಷಯ ಹೇಳ್ತೀನಿ. ಕೊನೆಗೆ ನಿಮಗೂ ಒಂದು ಕೆಲಸ ಇದೆ.

ನಮ್ಮದು ತಿಪಟೂರು ಸೀಮೆಯ ತೆಂಗಿನ ತೋಟ. ಇಲ್ಲಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡ್ತೀವಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತೆ. ಆಗಿದೆಯೋ ಇಲ್ಲವೋ ಅಂತ ಅಪ್ಪ ಕಾಯಿ ಅಲ್ಲಾಡಿಸಿ, ಫೋನಿನ ಹಾಗೆ ಕಿವಿಗಿಟ್ಟು, "ಹಲೋ, ಒಣಗಿದೀಯೇನಪ್ಪಾ?" ಅನ್ನೋರು. ನನ್ನ ಮಗಳು ಬಿದ್ದು ಬಿದ್ದು ನಗೋಳು. "ಇನ್ನೂ ಬ್ಯುಸಿ ಇದಾನಂತೆ ಕಣಮ್ಮ" ಅಂತ ವಾಪಸ್ ಇಡೋರು.

ನಗಿಸೋದು ಎಷ್ಟೋ, ದುಡಿಯೋದೂ ಅಷ್ಟೇ. ರಾತ್ರಿ ಒಂದು ಗಂಟೆಗೆ ತ್ರೀ ಫೇಸ್ ಬಂದರೂ ನನ್ನನ್ನು ಎಬ್ಬಿಸದೆ ತಾವೇ ಬ್ಯಾಟರಿ ಹಿಡಿದು ಹೋಗೋರು. ಬೆಳಿಗ್ಗೆ ಕೇಳಿದರೆ, "ನಿದ್ದೆ ಬರಲಿಲ್ಲ ಕಣೋ, ಮರಗಳ ಜತೆ ಮಾತಾಡ್ಕೊಂಡು ಬಂದೆ" ಅನ್ನೋರು. ಅದು ಸುಳ್ಳು ಅಂತ ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಮಲಗೇ ಇರ್ತಿದ್ದೆ. ಅದು ಈಗ ಕೊರೆಯುತ್ತೆ.

ಹೋದ ಆಷಾಢದಲ್ಲಿ ಅಪ್ಪ ಎದೆನೋವು ಅಂತ ಜಗಲಿ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಸಾಲ ತೀರಿಸೋ ಆತುರದಲ್ಲಿ ಎರಡೇ ತಿಂಗಳಿಗೆ ಅಟ್ಟದ ಕಾಯಿ ಸುಲಿಸಿದೆ. ಅರ್ಧಕ್ಕರ್ಧ ಹಸಿ. ಒಡೆದಾಗ ತಿರುಳು ಚಿಪ್ಪಿಗೇ ಅಂಟಿಕೊಂಡಿತ್ತು. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಕೇಳಿದಷ್ಟು ರೇಟಲ್ಲ, ಅವರು ಕೊಟ್ಟಷ್ಟು. ಅವತ್ತು ಸಂಜೆ ಅಮ್ಮ ಅಟ್ಟ ಹತ್ತಿ, ಉಳಿದ ಕಾಯಿ ಒಂದೊಂದಾಗಿ ಅಲ್ಲಾಡಿಸಿ ತೋರಿಸಿದರು: "ನೀರು ಕುಲುಕಿದರೆ ಮುಟ್ಟಬೇಡ. ಒಳಗೆ ಗಟ್ಟಿ ಉಂಡೆ ಲೊಟಲೊಟ ಅಂದರೆ ಆಗಿದೆ ಅಂತ. ನಿಮ್ಮಪ್ಪ ಆಡ್ತಿದ್ದದ್ದು ಆಟ ಅನ್ಕೊಂಡಿದ್ಯಾ?"

ಆಮೇಲೆ ಸಸಿ ಮಡಿಗೆ ಬೀಜದ ಕಾಯಿ ಬೇಕಾಯ್ತು. 20 ವರ್ಷ ದಾಟಿದ, 30ಕ್ಕೂ ಹೆಚ್ಚು ಗರಿ ಇರುವ, ವರ್ಷಕ್ಕೆ 80 ಕಾಯಿಗೆ ಕಮ್ಮಿ ಇಲ್ಲದ ತಾಯಿಮರ ಆರಿಸಬೇಕು ಅಂತ ಓದಿದ್ದೆ. ಗರಿ ಇವತ್ತು ಎಣಿಸಬಹುದು. ಹತ್ತಾರು ವರ್ಷದ ಫಸಲು ಎಣಿಸಿದವರು ಅಪ್ಪ ಒಬ್ಬರೇ, ಒಂದಕ್ಷರ ಬರೆದಿಟ್ಟಿರಲಿಲ್ಲ.

ಮತ್ತೆ ಅಮ್ಮನೇ ದಾರಿ ತೋರಿಸಿದರು. ಅಪ್ಪ ಮರಗಳಿಗೆ ಹೆಸರಿಟ್ಟಿದ್ದರು. ತಪ್ಪದೆ ಗೊನೆ ಬಿಡೋದು 'ಸಾಹುಕಾರ'. ಪಕ್ಕದ ಹೊಲಕ್ಕೆ ಬಾಗಿದ್ದು 'ತೌರುಮನೆ ಕಡೆಯೋಳು'. ಎತ್ತರ ಬೆಳೆದು ಕಾಯಿ ಕೊಡದ್ದು 'ಮೈಗಳ್ಳ', ಅಂದರೆ ನಾನಂತೆ! ಅಮ್ಮ ತೋಟದಲ್ಲಿ ನಡೀತಾ ಹೇಳಿದರು, ನಾನು ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ. ಏಳು ತಾಯಿಮರ ಸಿಕ್ಕವು. ಕಾಂಡಕ್ಕೆ ಬಣ್ಣದಲ್ಲಿ ನಂಬರ್ ಹಾಕಿ, ಪಕ್ಕದಲ್ಲಿ ಹೆಸರೂ ಬರೆದೆ. ಬೀಜದ ಕಾಯಿ ಈಗ ಮಡಿಯಲ್ಲಿವೆ.

ಈಗ ನಿಮ್ಮ ಕೆಲಸ. ಈ ಭಾನುವಾರ ಅಪ್ಪ, ಅಮ್ಮ, ತಾತ ಯಾರಿದ್ದರೂ ಅವರ ಜತೆ ತೋಟ, ಹೊಲ ಒಂದು ಸುತ್ತು ಹಾಕಿ. ಫೋನ್ ರೆಕಾರ್ಡಿಂಗ್ ಆನ್ ಇರಲಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ, ಪೈಪ್ ಎಲ್ಲಿ ಹೂತಿದೆ, ಯಾವ ಮರ ನಂಬಬಹುದು, ಕೇಳಿ. ಅವರು ತಮಾಷೆ ಮಾಡಿದರೆ ಅದನ್ನೂ ಅಳಿಸಬೇಡಿ.

ನನ್ನ ಹತ್ತಿರ ಅಮ್ಮನ ದನಿ ಇದೆ. ಅಪ್ಪನ ಆ 'ಹಲೋ' ಮಾತ್ರ ಇಲ್ಲ.