ವಿಶ್ವಕಪ್ ಬೇಡವೆಂದ ಮೈದಾನ

ನ್ಯೂಯಾರ್ಕಿನ ಒಂದನೇ ನಂಬರ್ ಸಬ್‌ವೇ ರೈಲಿನ ಕೊನೆಯ ನಿಲ್ದಾಣ ಬ್ರಾಂಕ್ಸ್‌ನ 242ನೇ ಬೀದಿ. ಬೇಸಿಗೆಯ ಶನಿವಾರ, ಭಾನುವಾರ ಇಲ್ಲಿ ಇಳಿದವರು ದಾರಿ ಕೇಳಬೇಕಿಲ್ಲ. ಕಿಟ್ ಬ್ಯಾಗ್ ಹೊತ್ತವರ ಹಿಂದೆ ನಡೆದರೆ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕ್ ಸಿಗುತ್ತದೆ.

1,146 ಎಕರೆಯ ಈ ಉದ್ಯಾನದಲ್ಲಿ ಕಾಡಿದೆ, ಕೆರೆಯಿದೆ, 1748ರ ಕಲ್ಲಿನ ಮನೆಯಿದೆ, 1895ರಲ್ಲಿ ಶುರುವಾದ ಅಮೆರಿಕದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನವೂ ಇದೆ. ಕ್ರಿಕೆಟಿಗರಿಗೆ ಇವು ಯಾವುವೂ ಬೇಡ. ಅವರು ನೇರ ಹೋಗುವುದು ಹಿಂದೊಮ್ಮೆ ಸೈನಿಕರು ಕವಾಯತು ನಡೆಸುತ್ತಿದ್ದ ಪರೇಡ್ ಗ್ರೌಂಡ್‌ಗೆ. ಇಲ್ಲಿ ಹತ್ತಾರು ಪಿಚ್‌ಗಳಿವೆ, ನಡುವೆ ಬೇಲಿಯಿಲ್ಲ. ಒಂದು ಪಂದ್ಯದ ಲಾಂಗ್ ಆನ್‌ನವನ ಬೆನ್ನಿಗೇ ಇನ್ನೊಂದು ಪಂದ್ಯದ ಥರ್ಡ್ ಮ್ಯಾನ್. ಮುಂಬಯಿಯ ಆಜಾದ್ ಮೈದಾನ ನೋಡಿದವರಿಗೆ ಇದೇನೂ ಹೊಸದಲ್ಲ.

ಮೊದಲು ಬಂದವರು ವೆಸ್ಟ್ ಇಂಡೀಸಿನವರು. 1965ರಲ್ಲಿ ವಲಸೆ ಕಾನೂನು ಸಡಿಲವಾದ ಮೇಲೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು ಜೊತೆಯಾದರು. ಹಾಗಂತ ಈ ಊರಿಗೆ ಕ್ರಿಕೆಟ್ ತಂದವರು ಇವರೇ ಅಲ್ಲ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದೇ ನ್ಯೂಯಾರ್ಕಿನಲ್ಲಿ, 1844ರಲ್ಲಿ. ಅಮೆರಿಕವನ್ನು ಕೆನಡಾ 23 ರನ್‌ಗಳಿಂದ ಸೋಲಿಸಿತ್ತು. ಆಮೇಲೆ ಬೇಸ್‌ಬಾಲ್ ಊರನ್ನು ಆವರಿಸಿಕೊಂಡಿತು, ಕ್ರಿಕೆಟ್ ವಲಸಿಗರ ಪಾಲಿಗೆ ಉಳಿಯಿತು.

2023ರಲ್ಲಿ ಈ ಮೈದಾನ ಸುದ್ದಿಯಾಯಿತು. ಮರುವರ್ಷದ ಟಿ20 ವಿಶ್ವಕಪ್‌ಗಾಗಿ 34,000 ಆಸನಗಳ ತಾತ್ಕಾಲಿಕ ಕ್ರೀಡಾಂಗಣವನ್ನು ಇಲ್ಲೇ ಕಟ್ಟುವ ಯೋಜನೆ ಬಂತು. ತಾವು ಆಡುವ ಜಾಗಕ್ಕೇ ರೋಹಿತ್, ಕೊಹ್ಲಿ ಬರುತ್ತಾರೆಂದರೆ ಯಾರು ಬೇಡವೆಂದಾರು? ಬೇಡವೆಂದರು. ಅಕ್ಕಪಕ್ಕದ ನಿವಾಸಿಗಳು, ಉದ್ಯಾನಪ್ರಿಯರು ವಿರೋಧಿಸಿದ್ದು ಸಹಜ. ಅವರ ಜೊತೆ ದನಿಗೂಡಿಸಿದವರಲ್ಲಿ ಇಲ್ಲಿ ಲೀಗ್ ಆಡುವ ಕ್ರಿಕೆಟಿಗರೂ ಇದ್ದರು. ಅವರ ಲೆಕ್ಕ ಸರಳ. ಕಟ್ಟಲು ಕೆಲವು ತಿಂಗಳು, ಕೀಳಲು ಕೆಲವು ವಾರ, ನಡುವೆ ಟೂರ್ನಿ. ಚಳಿ ಕಳೆದು ಮತ್ತೆ ಚಳಿ ಬರುವ ಮುಂಚಿನ ಆ ಐದಾರು ತಿಂಗಳಷ್ಟೇ ಇವರ ಕ್ರಿಕೆಟ್ ವರ್ಷ; ಅದು ಕೈತಪ್ಪಿದರೆ ಆಡುವುದೆಲ್ಲಿ? ವಾರವಿಡೀ ದುಡಿದು ಭಾನುವಾರ ಬ್ಯಾಟ್ ಹಿಡಿಯುವವನಿಗೆ ಕೊಹ್ಲಿಯನ್ನು ನೋಡಲು ಟಿ.ವಿ. ಇದೆ, ತಾನು ಆಡಲು ಬೇರೆ ಮೈದಾನವಿಲ್ಲ. ಅವರ ಹಟ ನನಗಂತೂ ಸರಿಯೆನಿಸುತ್ತದೆ.

ಕೊನೆಗೆ ಪಂದ್ಯಗಳು ಲಾಂಗ್ ಐಲೆಂಡಿನ ಐಸೆನ್‌ಹೋವರ್ ಪಾರ್ಕ್‌ಗೆ ಹೋದವು. ಫ್ಲಾರಿಡಾದಲ್ಲಿ ಬೆಳೆಸಿದ ಪಿಚ್‌ಗಳನ್ನು ಲಾರಿಯಲ್ಲಿ ತಂದು ಕೂರಿಸಿದರು. ಚೆಂಡು ಒಮ್ಮೆ ಎದೆಗೆ, ಒಮ್ಮೆ ಪಾದಕ್ಕೆ. ಶ್ರೀಲಂಕಾ 77ಕ್ಕೆ ಆಲೌಟ್. ಭಾರತ 119 ರನ್ ಇಟ್ಟುಕೊಂಡು ಪಾಕಿಸ್ತಾನವನ್ನು 6 ರನ್‌ಗಳಿಂದ ಸೋಲಿಸಿತು. ಮ್ಯಾಟ್ ಮೇಲೆ ಆಡಿ ಪಳಗಿದ ಬ್ರಾಂಕ್ಸ್‌ನವರು ಒಳಗೊಳಗೇ ನಕ್ಕಿರಬೇಕು. ಟೂರ್ನಿ ಇನ್ನೂ ನಡೆಯುತ್ತಿರುವಾಗಲೇ, ಅಲ್ಲಿನ ಪಂದ್ಯಗಳು ಮುಗಿದದ್ದೇ ತಡ, ಆ ಕ್ರೀಡಾಂಗಣವನ್ನು ಬಿಚ್ಚತೊಡಗಿದರು.

ಅದೇ ವಿಶ್ವಕಪ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿದ ಅಮೆರಿಕ ತಂಡದಲ್ಲಿ 30 ರನ್‌ಗೆ 3 ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ನಾಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದವರು. ಅಲಬಾಮಾದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಲೀಗ್ ಆಡಿ, ಮತ್ತೆ ಅಮೆರಿಕ ಸೇರಿ, ಕೆಲಸದ ಜೊತೆಗೇ ಕ್ಲಬ್ ಕ್ರಿಕೆಟ್ ಆಡುತ್ತ ಮೇಲೆ ಬಂದವರು. ವಾರಾಂತ್ಯದ ಇಂಥ ಮೈದಾನಗಳಿಲ್ಲದಿದ್ದರೆ ಅಂಥವರು ಎಲ್ಲಿಂದ ಬರುತ್ತಿದ್ದರು?

ವ್ಯಾನ್ ಕೋರ್ಟ್‌ಲ್ಯಾಂಡ್‌ಗೆ ಹೋಗುವುದಾದರೆ ಟಿಕೆಟ್ ಬೇಡ, ಗ್ಯಾಲರಿಯೂ ಇಲ್ಲ. ಅಂಚಿನ ಮರಗಳ ಕೆಳಗೆ ಚಾಪೆ ಹಾಸಿ ಕೂರಬಹುದು. ಆದರೆ ಒಂದೇ ಪಂದ್ಯದ ಮೇಲೆ ಕಣ್ಣಿಟ್ಟು ಮೈಮರೆಯಬೇಡಿ, ಪಕ್ಕದ ಪಂದ್ಯದ ಸಿಕ್ಸರ್ ನಿಮ್ಮ ಕಡೆಗೇ ಬರಬಹುದು.