ಜನಸಭೆಯೂ ಜೇಬಿನ ಫೋನೂ

೨೦೧೪ರ ಜನವರಿಯಲ್ಲಿ ಯುಕ್ರೇನ್ ದೇಶದ ರಾಜಧಾನಿಯಾದ ಕೀವ್ ನಗರದಲ್ಲಿ ಸರಕಾರದ ವಿರುದ್ಧ ಜನರು ಬೀದಿಗಿಳಿದಿದ್ದರು. ಅಂಥ ಪ್ರತಿಭಟನೆಗಳನ್ನು ನಿರ್ಬಂಧಿಸುವ ಕಾನೂನು ಆಗಷ್ಟೇ ಜಾರಿಗೆ ಬಂದಿತ್ತು. ಘರ್ಷಣೆ ನಡೆಯುತ್ತಿದ್ದ ಸ್ಥಳದ ಸುತ್ತಮುತ್ತ ಇದ್ದವರ ಫೋನುಗಳಿಗೆ ಆ ಗಳಿಗೆಯಲ್ಲಿ ಒಂದು ಸಂದೇಶ ಬಂದಿತು. ದೊಂಬಿಯಲ್ಲಿ ಪಾಲ್ಗೊಂಡವರೆಂದು ಅವರನ್ನು ನಮೂದಿಸಿಕೊಳ್ಳಲಾಗಿದೆ ಎಂಬುದು ಅದರ ತಾತ್ಪರ್ಯ. ಮೊಬೈಲ್ ಕಂಪನಿಗಳು ಅದನ್ನು ಕಳಿಸಿದವರು ತಾವಲ್ಲವೆಂದವು. ಕಳಿಸಿದವರು ಯಾರೇ ಇರಲಿ, ಲಾಠಿಯೂ ಅಶ್ರುವಾಯುವೂ ಮಾಡಲಾರದ ಒಂದು ಕೆಲಸವನ್ನು ಆ ಒಂದು ಸಾಲು ಮಾಡಿತು: ಸಾವಿರಾರು ಜನರ ನಡುವೆ ತಾನು ಅನಾಮಧೇಯನೆಂದು ತಿಳಿದಿದ್ದವನಿಗೆ, ಅವನ ಹೆಸರು ಪಟ್ಟಿಯೊಂದರಲ್ಲಿ ಏರಿದೆಯೆಂದು ತಿಳಿಸಿತು.

ಫೋನಿನ ಗೋಪ್ಯವೆಂದೊಡನೆ ವಾಚಕರಿಗೆ ಮೊದಲು ನೆನಪಾಗುವುದು ಮಾತಿನ ಗೋಪ್ಯ. ಕನ್ನಡಿಗರಿಗಂತೂ ದೂರವಾಣಿಯ ಕದ್ದಾಲಿಕೆಯೆಂಬುದು ಅಪರಿಚಿತ ಪದವಲ್ಲ. ೧೯೮೮ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆಯಿತ್ತದ್ದು ಆ ಆರೋಪದ ಬಿರುಗಾಳಿಯಲ್ಲಿಯೇ. ದೇಶದ ಕಾನೂನೂ ಬಹುಕಾಲ ಮಾತಿನ ಸುತ್ತಲೇ ಬೆಳೆಯಿತು. ತಂತಿಯ ಕಾಲಕ್ಕೆಂದು ರಚಿತವಾದ ೧೮೮೫ರ ಟೆಲಿಗ್ರಾಫ್ ಕಾಯಿದೆಯೇ ಕದ್ದಾಲಿಕೆಗೆ ಆಧಾರವಾಗಿತ್ತು. ಅದಕ್ಕೆ ಕಟ್ಟುಪಾಡುಗಳನ್ನು ವಿಧಿಸಿದ್ದು ೧೯೯೬ರ ಡಿಸೆಂಬರಿನಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪು: ಆಜ್ಞೆ ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯಿಂದಲೇ ಹೊರಡಬೇಕು, ಅದರ ಆಯುಸ್ಸು ಎರಡು ತಿಂಗಳು, ಎಷ್ಟು ಸಲ ಮುಂದುವರಿಸಿದರೂ ಆರು ತಿಂಗಳನ್ನು ಮೀರಕೂಡದು. ೨೦೨೩ರ ದೂರಸಂಪರ್ಕ ಕಾಯಿದೆಯೂ ಅದರಡಿ ೨೦೨೪ರ ಡಿಸೆಂಬರಿನಲ್ಲಿ ಹೊರಬಂದ ನಿಯಮಗಳೂ ಹೆಚ್ಚುಕಡಿಮೆ ಇದೇ ಚೌಕಟ್ಟನ್ನು ಉಳಿಸಿಕೊಂಡಿವೆ.

ಆದರೆ ಕೀವ್‌ನಲ್ಲಿ ಯಾರೂ ಯಾರ ಮಾತನ್ನೂ ಆಲಿಸಬೇಕಾಗಿರಲಿಲ್ಲ. ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ಫೋನು ಇತ್ತೆಂಬುದಷ್ಟೇ ಸಾಕಾಗಿತ್ತು. ಇದನ್ನು ಇರವಿನ ಗೋಪ್ಯವೆಂದು ಕರೆಯಬಹುದು. ಫೋನಿನ ಒಳಗಿರುವ ಪತ್ರ, ಚಿತ್ರ, ಹೆಸರುಗಳ ಗೋಪ್ಯ ಇದರಿಂದ ಬೇರೆಯಾದುದು. ಒಂದನ್ನು ಕಾಯುವ ಉಪಾಯ ಇನ್ನೊಂದಕ್ಕೆ ಒದಗುವುದಿಲ್ಲ. ಪ್ರತಿಭಟನೆಗೆ ಹೋಗುವ ಸುಶಿಕ್ಷಿತರೂ ಎಡವುವುದು ಇಲ್ಲಿಯೇ. ಸಂದೇಶಗಳನ್ನು ಗೂಢಲಿಪಿಯಲ್ಲಿ ಕಳಿಸುವ ಆ್ಯಪ್ ಇದೆಯೆಂದು ನಿಶ್ಚಿಂತರಾದವರ ಫೋನು, ಅವರೆಲ್ಲಿ ನಿಂತಿದ್ದಾರೆಂಬುದನ್ನು ಮಾತ್ರ ಎಡೆಬಿಡದೆ ಸಾರುತ್ತಿರುತ್ತದೆ.

ಸಾರುವ ಬಗೆ ಹೀಗೆ. ಕರೆ ಇಲ್ಲದಿರುವಾಗಲೂ ಫೋನು ಸಮೀಪದ ಟವರಿನೊಡನೆ ಸಂಪರ್ಕದಲ್ಲಿರಬೇಕು. ಇಲ್ಲವಾದರೆ ಬಂದ ಕರೆಯನ್ನು ಅದಕ್ಕೆ ತಲುಪಿಸುವ ದಾರಿಯೇ ಇಲ್ಲ. ಈ ಸಂಪರ್ಕದಲ್ಲಿ ಎರಡು ಗುರುತುಗಳು ಕಂಪನಿಗೆ ತಿಳಿಯುತ್ತವೆ. ಒಂದು ಸಿಮ್ ಕಾರ್ಡಿನದು; ಇನ್ನೊಂದು ಯಂತ್ರದ್ದೇ ಆದ, ಐಎಂಇಐ ಎಂಬ ೧೫ ಅಂಕೆಗಳ ಸಂಖ್ಯೆ. ಸಿಮ್ ಬದಲಿಸಿದರೂ ಎರಡನೆಯದು ಬದಲಾಗದು. ಭಾರತದಲ್ಲಿ ಸಿಮ್ ದೊರೆಯುವುದು ಗುರುತಿನ ಪತ್ರ ತೋರಿಸಿದ ಮೇಲೆಯೇ ಆದುದರಿಂದ, ಸಂಖ್ಯೆಯಿಂದ ಹೆಸರಿಗೆ ಹೋಗಲು ಹೆಚ್ಚು ಶ್ರಮ ಬೇಡ. ಯಾರಿಂದ ಯಾರಿಗೆ ಕರೆ ಹೋಯಿತು, ಎಷ್ಟು ಹೊತ್ತು, ಯಾವ ಟವರಿನ ಮೂಲಕ ಎಂಬ ವಿವರಗಳನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಕಾದಿಡಬೇಕೆಂದು ೨೦೨೧ರ ಡಿಸೆಂಬರಿನಲ್ಲಿ ಪರವಾನಗಿಯ ಷರತ್ತನ್ನು ತಿದ್ದಲಾಯಿತು. ಹಿಂದೆ ಆ ಅವಧಿ ಒಂದು ವರ್ಷವಿತ್ತು. ಮಾತನ್ನು ಆಲಿಸುವುದಕ್ಕೆ ಬೇಕಾದ ಗೃಹ ಕಾರ್ಯದರ್ಶಿಯ ಆಜ್ಞೆ ಈ ವಿವರಗಳಿಗೆ ಬೇಕಾಗಿಲ್ಲ. ಪೊಲೀಸು ಅಧಿಕಾರಿಯ ಕೋರಿಕೆಯ ಮೇಲೆಯೇ ದೊರೆಯುತ್ತವೆ. ಒಂದು ಟವರಿನಡಿ ಇಂತಿಷ್ಟು ಹೊತ್ತಿನಲ್ಲಿ ಕಾಣಿಸಿಕೊಂಡ ಸಂಖ್ಯೆಗಳನ್ನೆಲ್ಲ ಒಟ್ಟಾಗಿ ತರಿಸುವುದಕ್ಕೆ ‘ಟವರ್ ಡಂಪ್’ ಎಂದು ಹೆಸರು. ಕಳವು, ಕೊಲೆಗಳ ತನಿಖೆಗೆ ಅದು ಒದಗುತ್ತದೆಂಬುದು ನಿಜ. ಆದರೆ ಆ ಪಟ್ಟಿಯಲ್ಲಿ ಘೋಷಣೆ ಕೂಗಿದವನೂ, ಮಗುವನ್ನೆತ್ತಿಕೊಂಡು ಪಕ್ಕದ ಆಸ್ಪತ್ರೆಗೆ ಹೋದವಳೂ, ಕಡಲೆಕಾಯಿ ಮಾರುತ್ತಿದ್ದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಇದು ನ್ಯಾಯವೇ ಎಂಬ ಪ್ರಶ್ನೆಗೆ ಹಿನ್ನೆಲೆಯೊಂದುಂಟು. ಉತ್ತರ ಪ್ರದೇಶದ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ರಾತ್ರಿ ಮನೆಗೆ ಬಂದು ಬಾಗಿಲು ತಟ್ಟುವುದನ್ನು ಸರ್ವೋಚ್ಚ ನ್ಯಾಯಾಲಯ ೧೯೬೨ರಲ್ಲಿ ನಿಷೇಧಿಸಿತಾದರೂ, ಒಬ್ಬನ ಚಲನವಲನದ ಮೇಲೆ ಪೊಲೀಸರು ಕಣ್ಣಿಡುವುದರಿಂದ ಅವನ ಮೂಲಭೂತ ಹಕ್ಕಿಗೆ ಚ್ಯುತಿಯಿಲ್ಲವೆಂದು ಬಹುಮತ ಹೇಳಿತು. ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂಬ ಆ ಮಾತು ರದ್ದಾಗಲು ೫೫ ವರ್ಷ ಹಿಡಿಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, ೨೦೧೨ರಲ್ಲಿ, ಹೂಡಿದ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸರಕಾರವು ಅದರಲ್ಲಿ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ಯುಕ್ತವಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಶಾಂತವಾಗಿ ಸೇರಿದ ಸಭೆಯೊಂದರ ಎಲ್ಲರ ಸಂಖ್ಯೆಗಳನ್ನೂ ಬಾಚಿಕೊಳ್ಳುವುದು ಈ ಮೂರನೆಯ ಒರೆಗಲ್ಲಿನಲ್ಲಿ ನಿಲ್ಲುವುದು ಕಷ್ಟ. ಆದರೆ ಒರೆಗಲ್ಲು ಇರುವುದು ನ್ಯಾಯಾಲಯದಲ್ಲಿ. ಪಟ್ಟಿ ತಯಾರಾಗುವುದು ಅದಕ್ಕೆ ಬಹಳ ಮೊದಲೇ.

ಆದಕಾರಣ ಇರವಿನ ಗೋಪ್ಯಕ್ಕೆ ಪೂರ್ಣ ಪರಿಹಾರವೆಂಬುದು ಒಂದೇ: ಫೋನನ್ನು ಮನೆಯಲ್ಲಿಟ್ಟು ಹೋಗುವುದು. ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ನೂಕುನುಗ್ಗಲಿನಲ್ಲಿ ಬಿದ್ದವನಿಗೆ ಆ್ಯಂಬುಲೆನ್ಸ್ ಕರೆಯಲು, ಕಣ್ಣೆದುರು ನಡೆದ ಅತಿರೇಕವನ್ನು ಚಿತ್ರೀಕರಿಸಲು ಫೋನು ಬೇಕು. ಒಯ್ಯುವುದೇ ಆದರೆ ಮನೆಯಿಂದ ಹೊರಡುವ ಮುನ್ನವೇ ಆರಿಸಬೇಕು. ಮೈದಾನದ ಬಾಗಿಲಿನಲ್ಲಿ ಆರಿಸಿದ ಫೋನು ಆ ಬಾಗಿಲಿನವರೆಗೆ ಬಂದದ್ದನ್ನು ಟವರು ಆಗಲೇ ಅರಿತಿರುತ್ತದೆ. ಏರೋಪ್ಲೇನ್ ಮೋಡ್ ಟವರಿನ ಸಂಪರ್ಕವನ್ನು ಕಡಿಯುತ್ತದೆ. ಆದರೆ ಜಿಪಿಎಸ್ ಎಂಬುದು ಉಪಗ್ರಹಗಳಿಂದ ಕೇಳಿಸಿಕೊಳ್ಳುವ ಕಿವಿಯೇ ಹೊರತು ಹೇಳುವ ಬಾಯಲ್ಲವಾದ್ದರಿಂದ, ಆ ಮೋಡ್‌ನಲ್ಲಿಯೂ ಅದು ಕೆಲಸ ಮಾಡಬಲ್ಲದು. ಹಾಗೆ ತಿಳಿದ ಸ್ಥಳವನ್ನು ಯಾವುದೋ ಆ್ಯಪ್ ಬರೆದಿಟ್ಟುಕೊಂಡು, ಸಂಪರ್ಕ ಮರಳಿದೊಡನೆ ತನ್ನ ಒಡೆಯರಿಗೆ ಒಪ್ಪಿಸಬಹುದು. ಲೊಕೇಶನ್ ಅನುಮತಿಯನ್ನು ಪ್ರತ್ಯೇಕವಾಗಿ ನಿಲ್ಲಿಸಬೇಕು. ಟವರಿನ ವೇಷ ತೊಟ್ಟು ಸುತ್ತಲಿನ ಫೋನುಗಳನ್ನು ತನ್ನತ್ತ ಸೆಳೆದುಕೊಳ್ಳುವ ಸಣ್ಣ ಯಂತ್ರಗಳೂ ಉಂಟು. ಹಳೆಯ ೨ಜಿ ಪದ್ಧತಿಯಲ್ಲಿ ಫೋನು ಟವರಿಗೆ ತನ್ನ ಗುರುತನ್ನು ರುಜುವಾತುಪಡಿಸಬೇಕು, ಟವರು ಫೋನಿಗೆ ರುಜುವಾತುಪಡಿಸಬೇಕಾಗಿಲ್ಲ. ವೇಷಕ್ಕೆ ಅನುಕೂಲವಾದದ್ದು ಇದೇ. ೨೦೨೧ರ ಆಂಡ್ರಾಯ್ಡ್ ೧೨ರಿಂದೀಚೆಗೆ ಅನೇಕ ಫೋನುಗಳಲ್ಲಿ ೨ಜಿಯನ್ನು ಮುಚ್ಚುವ ಸೌಕರ್ಯ ಸೆಟ್ಟಿಂಗ್ಸ್‌ನಲ್ಲಿ ಇದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಬೇರೆಯವರ ಹೆಸರಿನ ಸಿಮ್ ಸಂಪಾದಿಸಿ ಹೋಗುವುದೇ ಜಾಣತನವೆಂದು ಪರದೇಶದ ಬರಹಗಳನ್ನು ಓದಿದವರು ಹೇಳುವುದುಂಟು. ವಂಚನೆಯಿಂದ, ಅನ್ಯರ ಸೋಗಿನಲ್ಲಿ ಸಿಮ್ ಪಡೆಯುವುದಕ್ಕೆ ೨೦೨೩ರ ದೂರಸಂಪರ್ಕ ಕಾಯಿದೆಯಲ್ಲಿ ಮೂರು ವರ್ಷದವರೆಗಿನ ಸೆರೆವಾಸ, ೫೦ ಲಕ್ಷ ರೂಪಾಯಿಯವರೆಗಿನ ದಂಡ ಇದೆ. ಸಂವಿಧಾನದ ೧೯ನೆಯ ವಿಧಿ ಕೊಟ್ಟ, ನಿರಾಯುಧರಾಗಿ ಶಾಂತಿಯಿಂದ ಸೇರುವ ಹಕ್ಕನ್ನು ಚಲಾಯಿಸಲು ಹೋಗುವವನು ಅಪರಾಧವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ವಿವೇಕವಲ್ಲ. ಫೋನು ಆರಿಸಿದ ಮೇಲೂ ಬೇರೆ ಜಾಡುಗಳು ಉಳಿಯುತ್ತವೆ. ೨೦೧೯ರಲ್ಲಿ ಹಾಂಗ್‌ಕಾಂಗಿನ ಪ್ರತಿಭಟನಕಾರರು ಹೆಸರು ಪತ್ತೆಯಾಗಬಹುದಾದ ಪ್ರಯಾಣದ ಕಾರ್ಡನ್ನು ಬಿಟ್ಟು, ರೈಲು ನಿಲ್ದಾಣದಲ್ಲಿ ರೊಕ್ಕ ಕೊಟ್ಟು ಬಿಡಿ ಟಿಕೆಟು ಕೊಳ್ಳಲು ಸಾಲುಗಟ್ಟಿ ನಿಂತರು. ಮುಂಬಯಿ, ದಿಲ್ಲಿಗಳಲ್ಲಿ ಇಷ್ಟೆಲ್ಲ ಎಚ್ಚರ ವಹಿಸಿದವರೂ ಮೈದಾನದ ಎದುರಿನ ಗಾಡಿಯಲ್ಲಿ ಒಂದು ಲೋಟ ಚಹಾಕ್ಕೆ ಯುಪಿಐ ಮೂಲಕ ಹತ್ತು ರೂಪಾಯಿ ಸಲ್ಲಿಸಿ, ದಿನಾಂಕ, ಗಂಟೆ, ನಿಮಿಷ ಸಹಿತ ದಾಖಲೆಯನ್ನು ಬಿಟ್ಟು ಬರಬಹುದು.

ಚಿತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ವೇಳೆ ಅಡಗಿರುತ್ತದೆ, ಲೊಕೇಶನ್ ತೆರೆದಿದ್ದರೆ ಸ್ಥಳವೂ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಈ ಮಾಹಿತಿ ಸಾಮಾನ್ಯವಾಗಿ ಕಳಚಿಹೋಗುತ್ತದೆ, ಡಾಕ್ಯುಮೆಂಟಾಗಿ ಕಳಿಸಿದಾಗ ಉಳಿಯುತ್ತದೆ. ಇದಕ್ಕಿಂತ ಗುರುತರವಾದದ್ದು ಚಿತ್ರದಲ್ಲಿನ ಮುಖಗಳು. ದಿಲ್ಲಿಯ ಗಲಭೆಗಳ ತನಿಖೆಯಲ್ಲಿ ಮತದಾರರ ಗುರುತುಚೀಟಿ ಮತ್ತು ವಾಹನ ಚಾಲನೆಯ ಪರವಾನಗಿಗಳ ಚಿತ್ರಗಳೊಡನೆ ಹೋಲಿಸಿ ೧,೧೦೦ಕ್ಕೂ ಹೆಚ್ಚು ಮಂದಿಯನ್ನು ಯಂತ್ರದ ಸಹಾಯದಿಂದ ಗುರುತಿಸಲಾಗಿದೆಯೆಂದು ಗೃಹ ಮಂತ್ರಿಗಳು ೨೦೨೦ರ ಮಾರ್ಚಿನಲ್ಲಿ ಲೋಕಸಭೆಗೆ ತಿಳಿಸಿದರು. ಅದು ಹಿಂಸಾಚಾರದ ತನಿಖೆ. ಶಾಂತ ಸಭೆಯ ಮಾತು ಬೇರೆ. ಆದರೆ ಮುಖವನ್ನು ಹುಡುಕುವ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯದು. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿಯ ಮುಖವನ್ನು ಮಸುಕುಗೊಳಿಸದೆ ಚಿತ್ರವನ್ನು ಹಂಚುವವನು ಅವಳ ಪರವಾಗಿ ನಿರ್ಧಾರ ಮಾಡಿದಂತೆಯೇ. ಸಿಗ್ನಲ್ ಎಂಬ ಆ್ಯಪ್‌ನಲ್ಲಿ ಮುಖ ಮಸುಕಿಸುವ ಉಪಕರಣ ೨೦೨೦ರ ಜೂನಿನಿಂದ ಇದೆ.

ಇನ್ನು ಒಳಗಿನ ಗೋಪ್ಯ. ಇದರ ಬಾಗಿಲು ಫೋನಿನ ಬೀಗ, ಮತ್ತು ಈ ಬೀಗದ ಸುತ್ತ ಕಾನೂನಿನ ಒಂದು ಸ್ವಾರಸ್ಯವಾದ ಗಂಟು ಬಿದ್ದಿದೆ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು ಸಂವಿಧಾನದ ೨೦ನೆಯ ವಿಧಿಯ ೩ನೆಯ ಖಂಡ ಹೇಳುತ್ತದೆ. ಹೆಬ್ಬೆಟ್ಟಿನ ಗುರುತು ಕೊಡುವುದು ಸಾಕ್ಷಿಯಾದಂತೆಯೇ? ಮುಂಬಯಿ ರಾಜ್ಯವು ಕಕ್ಷಿಯಾಗಿದ್ದ ಕಾಥಿ ಕಾಲು ಓಘಡ್ ಮೊಕದ್ದಮೆಯಲ್ಲಿ ೧೯೬೧ರಲ್ಲಿ ೧೧ ನ್ಯಾಯಮೂರ್ತಿಗಳ ಪೀಠವು ಅಲ್ಲವೆಂದಿತು. ಬೆರಳಿನ ಗೆರೆಗಳು ದೇಹದ ಲಕ್ಷಣ. ಅವು ಮನಸ್ಸಿನಲ್ಲಿರುವುದನ್ನು ಹೊರಗೆಡಹುವುದಿಲ್ಲ. ಅಂದಿನ ಕಾಗದದ ಮೇಲಿನ ಹೆಬ್ಬೆಟ್ಟಿಗೆ ಈ ಮಾತು ಸರಿಯಾಗಿಯೇ ಹೊಂದುತ್ತದೆ. ಇಂದು ಅದೇ ಹೆಬ್ಬೆರಳು ಹತ್ತು ವರ್ಷದ ಪತ್ರವ್ಯವಹಾರದ ಪೆಟ್ಟಿಗೆಯ ಬೀಗದ ಕೈಯಾಗಿರುವಾಗ, ಅದನ್ನು ಬರಿಯ ದೇಹಲಕ್ಷಣವೆಂದು ಭಾವಿಸಬಹುದೇ?

ಪಾಸ್‌ವರ್ಡಾದರೋ ಮನಸ್ಸಿನೊಳಗಿನದು. ಮಂಪರು ಪರೀಕ್ಷೆ ಮುಂತಾದವನ್ನು ಒಪ್ಪಿಗೆಯಿಲ್ಲದೆ ನಡೆಸುವುದು ಇದೇ ಖಂಡಕ್ಕೆ ವಿರುದ್ಧವೆಂದು ಕರ್ನಾಟಕ ರಾಜ್ಯವು ಕಕ್ಷಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತ್ತು. ಹಾಗಾದರೆ ಪಾಸ್‌ವರ್ಡಿಗೂ ಆ ರಕ್ಷೆ ಸಲ್ಲಬೇಕಲ್ಲವೇ? ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೧ರ ಮಾರ್ಚಿನಲ್ಲಿ ಸಲ್ಲದೆಂದಿತು: ಪೊಲೀಸರು ತಾವಾಗಿ ಬಲಾತ್ಕರಿಸುವಂತಿಲ್ಲ, ಆದರೆ ನ್ಯಾಯಾಲಯ ಆಜ್ಞೆ ಮಾಡಬಹುದು, ಪಾಸ್‌ವರ್ಡು ಕೊಟ್ಟಮಾತ್ರಕ್ಕೆ ಆತ್ಮದೋಷಾರೋಪಣೆಯಾಗದು. ಮರುವರ್ಷ ದಿಲ್ಲಿಯ ಸಿಬಿಐ ವಿಶೇಷ ನ್ಯಾಯಾಲಯವು ಸೆಲ್ವಿ ತೀರ್ಪನ್ನೇ ಆಧರಿಸಿ, ಆರೋಪಿಯಿಂದ ಪಾಸ್‌ವರ್ಡನ್ನು ಬಲವಂತವಾಗಿ ಪಡೆಯಲಾಗದೆಂದಿತು. ಒಂದು ಉಚ್ಚ ನ್ಯಾಯಾಲಯದ್ದು, ಇನ್ನೊಂದು ಕೆಳಗಿನ ನ್ಯಾಯಾಲಯದ್ದು, ತೂಕ ಸಮವಲ್ಲ. ಆದರೆ ತರ್ಕದ ಬಲ ಎರಡನೆಯದರಲ್ಲಿ ಹೆಚ್ಚೆಂದು ತೋರುತ್ತದೆ. ಬಾಯಿ ಬಿಟ್ಟು ಹೇಳಬೇಕಾದ ಸಂಖ್ಯೆಯನ್ನು ಬೆರಳಿನ ಗೆರೆಗೆ ಸಮೀಕರಿಸುವುದು ೧೯೬೧ರ ತೀರ್ಪನ್ನು ಅದರ ಕಾಲದಿಂದಾಚೆಗೆ ಎಳೆದಂತಾಗುತ್ತದೆ.

ವಿದ್ವತ್ತಿನ ಈ ಚರ್ಚೆ ಏನೇ ಇರಲಿ, ರೂಢಿಯಲ್ಲಿ ಅದರಿಂದ ಒಂದು ಫಲ ದೊರೆಯುತ್ತದೆ: ಹೊರಡುವ ಮುನ್ನ ಬೆರಳಚ್ಚು, ಮುಖದ ಬೀಗಗಳನ್ನು ತೆಗೆದುಹಾಕಿ ಆರು ಅಂಕೆಗಳಿಗಿಂತ ಕಡಿಮೆಯಿಲ್ಲದ ಪಾಸ್‌ವರ್ಡನ್ನು ಇಡುವುದು. ಮಲಗಿರುವವನ, ಕೈಹಿಡಿದೆಳೆದವನ ಬೆರಳನ್ನು ಫೋನಿಗೆ ಒತ್ತಬಹುದು. ಮರೆಯದೆ ಇಟ್ಟುಕೊಂಡ ಸಂಖ್ಯೆಯನ್ನು ಹಾಗೆ ಒತ್ತಲಾಗದು. ಪೂರ್ತಿ ಆರಿಸಿದ ಫೋನು, ಮತ್ತೆ ಹೊತ್ತಿಸಿ ಪಾಸ್‌ವರ್ಡು ಕೊಡುವವರೆಗೆ, ಒಳಗಿನದನ್ನು ಗೂಢಲಿಪಿಯಲ್ಲಿಯೇ ಇರಿಸಿರುತ್ತದೆ. ಬರಿಯ ಬೀಗ ಹಾಕಿದ ಫೋನಿಗಿಂತ ಅದನ್ನು ಬಿಚ್ಚುವುದು ಕಷ್ಟ. ಬೀಗದ ಹೊರಗೆ ಸಂದೇಶಗಳ ಸಾಲು ಕಾಣದಂತೆ ನೋಟಿಫಿಕೇಶನ್‌ಗಳನ್ನೂ ಮರೆಮಾಡಬೇಕು. ವಾಟ್ಸಾಪ್ ಸಂದೇಶಗಳು ೨೦೧೬ರಿಂದ ಎರಡು ತುದಿಗಳ ನಡುವೆ ಗೂಢಲಿಪಿಯಲ್ಲಿ ಹೋಗುತ್ತವೆಯಾದರೂ, ಅವುಗಳ ಬ್ಯಾಕಪ್ಪಿಗೆ ಆ ರಕ್ಷೆ ತಾನಾಗಿ ದೊರೆಯದು. ೨೦೨೧ರಲ್ಲಿ ಬಂದ ಆ ಸೌಕರ್ಯವನ್ನು ಬಳಕೆದಾರನೇ ಆರಿಸಿಕೊಳ್ಳಬೇಕು. ಇಂತಿಷ್ಟು ದಿನಕ್ಕೆ ಸಂದೇಶಗಳು ಅಳಿಯುವ ಏರ್ಪಾಡನ್ನು ಮೊದಲಿನಿಂದಲೇ ರೂಢಿಯಲ್ಲಿಟ್ಟಿರಬೇಕು. ಸಮನ್ಸು ಬಂದ ಮೇಲೆ ಅಳಿಸಲು ಕೂತರೆ ಅದು ಸಾಕ್ಷ್ಯನಾಶದ ಅಪರಾಧವಾದೀತು.

ಪರಸ್ಥಳದಲ್ಲಿರುವ ಕನ್ನಡಿಗನ ಫೋನಿನಲ್ಲಿ ಅವನೊಬ್ಬನೇ ಇರುವುದಿಲ್ಲ. ಧಾರವಾಡದ ಅಕ್ಕನ ಬ್ಯಾಂಕಿನ ಕಾಗದ, ಉಡುಪಿಯ ಚಿಕ್ಕಪ್ಪನ ಔಷಧದ ಚೀಟಿ, ಸಂಘದ ಇನ್ನೂರು ಸದಸ್ಯರ ಸಂಖ್ಯೆಗಳು, ಇವೆಲ್ಲ ಆ ಒಂದು ಬೀಗದ ಹಿಂದೆ ಇವೆ. ಪ್ರತಿಭಟನೆಗೆ ಹೋಗಲು ಅವನು ಒಪ್ಪಿದ್ದಾನೆ, ಅವರು ಒಪ್ಪಿಲ್ಲ. ಹಳೆಯ ಫೋನೊಂದಿದ್ದರೆ ತನ್ನದೇ ಹೆಸರಿನ ಸಿಮ್ ಹಾಕಿ, ಅಗತ್ಯವಾದ ನಾಲ್ಕು ಸಂಖ್ಯೆಗಳನ್ನಷ್ಟೇ ತುಂಬಿ ಅದನ್ನು ಒಯ್ಯುವುದು ಲೇಸು. ಇರವಿನ ಗೋಪ್ಯ ಇದರಿಂದ ಉಳಿಯದು. ಉಳಿಯುವುದು ಆ ಇನ್ನೂರು ಜನರದು.

ಫೋನನ್ನು ವಶಪಡಿಸಿಕೊಂಡರೆ ಅದನ್ನು ಕಿತ್ತುಕೊಳ್ಳಲು ಹೆಣಗಾಡಬಾರದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೦೫ನೆಯ ಕಲಮಿನ ಪ್ರಕಾರ ಶೋಧನೆ ಮತ್ತು ವಶಪಡಿಕೆಯನ್ನು ಧ್ವನಿಚಿತ್ರದಲ್ಲಿ ದಾಖಲಿಸಬೇಕು. ಪಟ್ಟಿಯಲ್ಲಿ ಐಎಂಇಐ ಸಂಖ್ಯೆ ನಮೂದಾಗಿದೆಯೇ ಎಂಬುದನ್ನು ನೋಡಬೇಕು. ಒಳಗಿನ ಮಾಹಿತಿಯ ಪ್ರತಿ ತೆಗೆದರೆ ಅದರ ‘ಹ್ಯಾಶ್’ ಸಂಖ್ಯೆಯನ್ನು ಕೇಳುವುದು ಉತ್ತಮ. ಅರಗಿನ ಮುದ್ರೆಯಂತೆ, ಮುಂದೆ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಹೊಂದದೆ ಹೋಗುತ್ತದೆ.

ಫೋನು ಕೈತಪ್ಪದಿದ್ದರೂ ಸಂಪರ್ಕ ಕೈಕೊಡಬಹುದು. ೨೦೧೯ರ ಡಿಸೆಂಬರ್ ೧೯ರಂದು ದಿಲ್ಲಿಯ ಕೆಲವು ಭಾಗಗಳಲ್ಲಿ ಸರಕಾರದ ಆಜ್ಞೆಯಂತೆ ಕರೆ, ಸಂದೇಶ, ಇಂಟರ್‌ನೆಟ್ ಮೂರೂ ನಿಂತುಹೋದವು. ಅಂಥ ಆಜ್ಞೆಗಳನ್ನು ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಮರುತಿಂಗಳಲ್ಲಿಯೇ ವಿಧಿಸಿತಾದರೂ, ಪ್ರಕಟವಾದ ಆಜ್ಞೆಯಿಂದಲೂ ಫೋನು ಮೂಕವಾಗುತ್ತದೆ. ಗುಂಪು ಚದರಿದರೆ ಎಲ್ಲಿ ಸೇರುವುದೆಂಬುದನ್ನು ಮುಂಚೆಯೇ ಮಾತಾಡಿಕೊಂಡಿರಬೇಕು. ಬಂಧಿತನಾದವನಿಗೆ ವಕೀಲರನ್ನು ಕಾಣುವ, ಸಂಬಂಧಿಕರಿಗೆ ಸುದ್ದಿ ಮುಟ್ಟಿಸುವ ಹಕ್ಕಿದೆ; ಆದರೆ ಠಾಣೆಯ ಬೆಂಚಿನ ಮೇಲೆ ಕುಳಿತಾಗ, ಮನೆಯವರ ಸಂಖ್ಯೆಯೇ ಬಾಯಿಗೆ ಬಾರದೆ ಒದ್ದಾಡುವವರು ಈ ಕಾಲದಲ್ಲಿ ಬಹಳ. ವಕೀಲರದೊಂದು, ಮನೆಯದೊಂದು, ಎರಡು ಸಂಖ್ಯೆಗಳನ್ನು ಕಾಗದದ ಚೂರಿನಲ್ಲಿ ಬರೆದು ಅಂಗಿಯ ಒಳಜೇಬಿನಲ್ಲಿಡಬೇಕು. ಮಳೆಗಾಲವಾದರೆ ಮುಂಗೈಯ ಮೇಲೆ, ಬಾಲ್‌ಪೆನ್ನಿನಿಂದ.